ಎಡಿಟ್ ಮಾಡಿದ ಫೋಟೋ ಅಪ್‌ಲೋಡ್ ಆಗ್ತಾ ಇಲ್ವಾ? ಮೊದಲು ಫೈಲಿನ ಹೊಟ್ಟೆಯೊಳಗೆ ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ಉಪನಯನ, ಯಕ್ಷಗಾನ, ಪಾಸ್‌ಪೋರ್ಟ್ ಸೈಜ್ ಫೋಟೋ ಅಂತ ಬೋರ್ಡಿನಲ್ಲಿ ಬರೆಸಿದ್ದೇನೆ. ಬೋರ್ಡಿನಲ್ಲಿ ಇಲ್ಲದ ಕೆಲಸ ಇನ್ನೊಂದು ಉಂಟು. ಊರವರು ಎಲ್ಲೆಲ್ಲೋ ಎಡಿಟ್ ಮಾಡಿಸಿದ ಫೋಟೋ ವೆಬ್‌ಸೈಟಿಗೆ ಯಾಕೆ ಹೋಗ್ತಾ ಇಲ್ಲ ಅಂತ ಹುಡುಕಿ ಕೊಡುವುದು. ಕೇರಳ ಸರಕಾರಿ ಕೆಲಸದ ಪಿಎಸ್‌ಸಿ ಅರ್ಜಿ, ಬ್ಯಾಂಕ್ ಪರೀಕ್ಷೆ, ಗಲ್ಫ್ ವೀಸಾ, ಮದುವೆ ಸಂಬಂಧದ ಸೈಟು, ಏನೂ ಆಗಬಹುದು. ಅರ್ಜಿಯ ಕೊನೇ ದಿನ ಹತ್ತಿರ ಬಂದ ಹಾಗೆ ಪೆನ್‌ಡ್ರೈವ್ ಹಿಡಿದುಕೊಂಡು ಬರುವವರು ಜಾಸ್ತಿ. ಬಂದವರೆಲ್ಲ ಹೇಳುವುದು ಒಂದೇ ಮಾತು: "ಅಣ್ಣಾ, ನನ್ನ ಫೋನಲ್ಲಿ ಸರೀ ಕಾಣ್ತದೆ. ಅಲ್ಲಿ ಮಾತ್ರ ತಗೊಳ್ಳುದಿಲ್ಲ."

ಫೋನಿನಲ್ಲಿ ಕಾಣುವುದಕ್ಕೂ ವೆಬ್‌ಸೈಟು ಒಪ್ಪುವುದಕ್ಕೂ ಸಂಬಂಧ ಇಲ್ಲ. ಫೋಟೋ ತೋರಿಸುವ ಆ್ಯಪುಗಳು ಭಾರೀ ಉದಾರಿಗಳು. ಫೈಲಿನ ಹೆಸರು ತಪ್ಪಿದ್ದರೂ, ಫೋಟೋ ಅಡ್ಡ ಇದ್ದರೂ ಅವೇ ಸರಿಮಾಡಿಕೊಂಡು ತೋರಿಸುತ್ತವೆ. ವೆಬ್‌ಸೈಟಿಗೆ ನಿಮ್ಮ ಮುಖ ಬೇಡ. ಫೈಲು ಯಾವ ಜಾತಿಯದ್ದು, ಎಷ್ಟು ಪಿಕ್ಸೆಲ್, ಎಷ್ಟು ಕೆಬಿ, ಇಷ್ಟೇ ಅದು ನೋಡುವುದು. ಇವುಗಳಲ್ಲಿ ಯಾವುದು ತಪ್ಪಿದರೂ ಬರುವ ಮೆಸೇಜು ಒಂದೇ: 'ಇನ್‌ವ್ಯಾಲಿಡ್ ಫೈಲ್'. ನಮ್ಮಲ್ಲಿ ಅದು ಇಂಗ್ಲಿಷಿನಲ್ಲಿ, ಇಲ್ಲದಿದ್ದರೆ ಮಲಯಾಳದಲ್ಲಿ. ಯಾವ ಭಾಷೆಯಲ್ಲಿ ಬಂದರೂ ಕಾರಣ ಗೊತ್ತಾಗುವುದಿಲ್ಲ. ಹಾಗಾಗಿ ಮೆಸೇಜನ್ನು ಜಾಸ್ತಿ ನಂಬಬೇಡಿ, ಫೈಲನ್ನು ನೋಡಿ.

ಹೆಸರು ಒಂದು, ಒಳಗಿರುವುದು ಇನ್ನೊಂದು

ಎಲ್ಲಕ್ಕಿಂತ ಮೊದಲು ಕಂಪ್ಯೂಟರಿನಲ್ಲಿ ಒಂದು ಟಿಕ್ ಹಾಕಿ. ವಿಂಡೋಸ್ ತಾನಾಗಿ ಫೈಲಿನ ಬಾಲ, ಅಂದರೆ ಡಾಟ್ ಜೆಪಿಜಿ, ಡಾಟ್ ಪಿಎನ್‌ಜಿ ಎನ್ನುವ ಭಾಗವನ್ನು ಅಡಗಿಸಿ ಇಡುತ್ತದೆ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು, ಮೇಲೆ 'ವ್ಯೂ', ಅದರೊಳಗೆ 'ಶೋ', ಅದರೊಳಗೆ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್'. ವಿಂಡೋಸ್ 10ರಲ್ಲಿ 'ವ್ಯೂ' ಟ್ಯಾಬಿನಲ್ಲೇ ಸಿಗುತ್ತದೆ. ಟಿಕ್ ಹಾಕಿದ ಕೂಡಲೇ ಅರ್ಧ ಗುಟ್ಟು ಹೊರಗೆ ಬರುತ್ತದೆ. 'ಫೋಟೋ.ಜೆಪಿಜಿ' ಅಂತ ಕಾಣುತ್ತಿದ್ದ ಫೈಲು ನಿಜದಲ್ಲಿ 'ಫೋಟೋ.ಜೆಪಿಜಿ.ಪಿಎನ್‌ಜಿ' ಆಗಿರುತ್ತದೆ. ಯಾರೋ ಸೇವ್ ಮಾಡುವಾಗ ಹೆಸರಿನ ಜೊತೆ ಜೆಪಿಜಿ ಅಂತ ತಾವೇ ಟೈಪ್ ಮಾಡಿರುತ್ತಾರೆ, ಪ್ರೋಗ್ರಾಮು ತನ್ನ ಬಾಲವನ್ನು ಅದರ ಹಿಂದೆ ಅಂಟಿಸಿರುತ್ತದೆ.

ಇಲ್ಲಿ ಹೆಚ್ಚಿನವರು ಮಾಡುವುದು ಏನು ಅಂದರೆ, ಪಿಎನ್‌ಜಿಯನ್ನು ಅಳಿಸಿ ಜೆಪಿಜಿ ಅಂತ ಬರೆದುಬಿಡುವುದು. ಅದರಿಂದ ಫೈಲು ಜೆಪಿಜಿ ಆಗುವುದಿಲ್ಲ. ಡಬ್ಬದ ಮೇಲೆ ಸಕ್ಕರೆ ಅಂತ ಬರೆದರೆ ಒಳಗಿನ ಉಪ್ಪು ಸಿಹಿ ಆಗ್ತದಾ? ಕೆಲವು ಸೈಟುಗಳು ಬರೇ ಹೆಸರು ನೋಡಿ ಬಿಡುತ್ತವೆ, ಆಮೇಲೆ ಫೋಟೋದ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ. ಸ್ವಲ್ಪ ಚುರುಕಾದ ಸೈಟುಗಳು ಫೈಲಿನ ಮೊದಲ ಕೆಲವು ಬೈಟುಗಳನ್ನು ಓದುತ್ತವೆ. ಅಲ್ಲಿ ಸುಳ್ಳು ನಡೆಯುವುದಿಲ್ಲ.

ನೀವೂ ಅದನ್ನು ಓದಬಹುದು, ಬೇರೆ ಸಾಫ್ಟ್‌ವೇರ್ ಏನೂ ಬೇಡ. ಫೋಟೋದ ಒಂದು ಕಾಪಿ ಮಾಡಿ, ಕಾಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪರದೆ ತುಂಬ ಅರ್ಥವಿಲ್ಲದ ಅಕ್ಷರ ಬರುತ್ತದೆ, ಗಾಬರಿ ಬೇಡ. ಮೊದಲ ಸಾಲು ಮಾತ್ರ ನೋಡಿ. 'ಪಿಎನ್‌ಜಿ' ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡರೆ ಅದು ಪಿಎನ್‌ಜಿ. 'ಜೆಎಫ್‌ಐಎಫ್' ಅಥವಾ 'ಎಕ್ಸಿಫ್' ಅಂತ ಕಂಡರೆ ಜೆಪಿಜಿ. 'ಆರ್‌ಐಎಫ್‌ಎಫ್' ಆದ ಮೇಲೆ 'ವೆಬ್‌ಪಿ' ಇದ್ದರೆ ಅದು ಗೂಗಲ್‌ನವರು 2010ರಲ್ಲಿ ತಂದ ವೆಬ್‌ಪಿ. 'ಎಫ್‌ಟಿವೈಪಿ' ಪಕ್ಕದಲ್ಲಿ 'ಎಚ್‌ಇಐಸಿ' ಇದ್ದರೆ ಅದು ಐಫೋನಿನ ಮಾಲು. '8ಬಿಪಿಎಸ್' ಅಂತ ಇದ್ದರೆ ಫೋಟೋಶಾಪಿನ ಪಿಎಸ್‌ಡಿ ಫೈಲಿಗೆ ಯಾರೋ ಜೆಪಿಜಿ ಹೆಸರು ಇಟ್ಟಿದ್ದಾರೆ. ನೋಡಿ ಆದ ಮೇಲೆ ಸೇವ್ ಮಾಡದೆ ಮುಚ್ಚಿ. ಸೇವ್ ಮಾಡಿದಿರೋ, ಆ ಕಾಪಿಯ ಕಥೆ ಮುಗಿಯಿತು.

ಇದಕ್ಕಿಂತ ಸುಲಭ ಬೇಕಾದರೆ ಇರ್ಫಾನ್‌ವ್ಯೂ ಹಾಕಿಕೊಳ್ಳಿ. 1996ರಿಂದ ಇರುವ ಪುಟ್ಟ ಪ್ರೋಗ್ರಾಮು, ಮನೆ ಬಳಕೆಗೆ ಪುಕ್ಕಟೆ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಹೆಸರಿಗೂ ಒಳಗಿರುವುದಕ್ಕೂ ತಾಳೆ ಆಗದಿದ್ದರೆ 'ಇದರ ಎಕ್ಸ್‌ಟೆನ್ಶನ್ ತಪ್ಪಿದೆ, ಬದಲಿಸಲಾ?' ಅಂತ ಅದೇ ಕೇಳುತ್ತದೆ.

ಸರಿಯಾದ ದಾರಿ ಒಂದೇ: ಫೈಲನ್ನು ತೆರೆದು 'ಸೇವ್ ಆ್ಯಸ್' ಕೊಟ್ಟು, ಕೆಳಗಿನ ಟೈಪ್ ಪಟ್ಟಿಯಲ್ಲಿ ಜೆಪಿಜಿ ಆರಿಸುವುದು. ಪಿಎನ್‌ಜಿ ಆದರೆ ಸುಮ್ನೆ ಪೈಂಟ್ ಸಾಕು. ಹೆಸರು ಬದಲಿಸಿದರೆ ಸಾಕಾಗುವ ಸಂದರ್ಭ ಒಂದು ಉಂಟು. ಕ್ರೋಮಿನಲ್ಲಿ ಫೋಟೋ ಇಳಿಸಿದಾಗ ಕೆಲವೊಮ್ಮೆ ಅದು ಡಾಟ್ ಜೆಎಫ್‌ಐಎಫ್ ಅಂತ ಬರುತ್ತದೆ. ಒಳಗಿರುವುದು ಅಪ್ಪಟ ಜೆಪಿಜಿಯೇ. ಅಲ್ಲಿ ಬಾಲ ಬದಲಿಸಿದರೆ ಕೆಲಸ ಮುಗಿಯಿತು.

ಐಫೋನಿನ ಮಾತು ಬಂತಲ್ಲ. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿ, ರಜೆಯಲ್ಲಿ ಬರುವಾಗ ತಮ್ಮನಿಗೋ ಅಳಿಯನಿಗೋ ಒಂದು ಐಫೋನ್. 2017ರಲ್ಲಿ ಐಒಎಸ್ 11 ಬಂದ ಮೇಲೆ ಅದರ ಕ್ಯಾಮೆರಾ ಎಚ್‌ಇಐಸಿಯಲ್ಲಿ ಸೇವ್ ಮಾಡುತ್ತದೆ. ಜಾಗ ಕಡಿಮೆ ಸಾಕು, ಫೋಟೋ ಚೆನ್ನಾಗಿರುತ್ತದೆ, ಆದರೆ ಸರಕಾರಿ ಫಾರ್ಮುಗಳಿಗೆ ಅದು ಬೇಡ. 'ಸೆಟ್ಟಿಂಗ್ಸ್', 'ಕ್ಯಾಮೆರಾ', 'ಫಾರ್ಮ್ಯಾಟ್ಸ್'ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಇಟ್ಟರೆ ಮುಂದೆ ತೆಗೆಯುವುದೆಲ್ಲ ಜೆಪಿಜಿ. ಫೋನಿನಿಂದಲೇ ಅಪ್‌ಲೋಡ್ ಮಾಡುವುದಾದರೆ 'ಫೋಟೋ ಲೈಬ್ರರಿ'ಯಿಂದ ಆರಿಸಿ. ಜೆಪಿಜಿ ಮಾತ್ರ ಕೇಳುವ ಸೈಟಿಗೆ ಫೋನೇ ಸಾಧಾರಣವಾಗಿ ಬದಲಿಸಿ ಕಳಿಸುತ್ತದೆ. 'ಫೈಲ್ಸ್' ಆ್ಯಪಿನಿಂದ ಆರಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ.

ಫೋಟೋಶಾಪ್ ಬಳಸುವವರಿಗೆ ಒಂದು ಮಾತು. 'ಸೇವ್ ಆ್ಯಸ್' ಪಟ್ಟಿಯಲ್ಲಿ ಜೆಪಿಜಿಯೇ ಕಾಣುವುದಿಲ್ಲ ಅಂತ ದೂರು ಬರುತ್ತದೆ. 2021ರಿಂದ ಹಾಗೆ ಆಗಿದೆ. ಫೈಲಿನಲ್ಲಿ ಲೇಯರ್ ಇದ್ದರೆ 'ಸೇವ್ ಎ ಕಾಪಿ' ಒತ್ತಿ, ಅಲ್ಲಿ ಸಿಗುತ್ತದೆ.

ಎಡಿಟ್ ಮಾಡಿದ್ದು ಎಲ್ಲಿ ಹೋಯಿತು?

ಅಪ್‌ಲೋಡ್ ಆಗುತ್ತದೆ, ಆದರೆ ಸೈಟಿನಲ್ಲಿ ಕಾಣುವುದು ಹಳೇ ಫೋಟೋ. ಹಿನ್ನೆಲೆ ಬಿಳಿ ಮಾಡಿದ್ದು ಇಲ್ಲ, ಕತ್ತರಿಸಿದ್ದು ಇಲ್ಲ. ಇದಕ್ಕೆ ಕಾರಣ, ಕೆಲವು ಪ್ರೋಗ್ರಾಮುಗಳು ಮೂಲ ಫೋಟೋವನ್ನು ಮುಟ್ಟುವುದೇ ಇಲ್ಲ. ಏನೇನು ಬದಲಿಸಿದಿರಿ ಅಂತ ಪಕ್ಕದಲ್ಲಿ ಒಂದು ಚೀಟಿ ಬರೆದಿಟ್ಟು, ತಮ್ಮೊಳಗೆ ಮಾತ್ರ ಹಾಗೆ ತೋರಿಸುತ್ತವೆ.

ಪಿಕಾಸಾ ನೆನಪಿದೆಯಲ್ಲ? ಗೂಗಲ್ 2016ರಲ್ಲೇ ಅದನ್ನು ನಿಲ್ಲಿಸಿತು. ನಮ್ಮ ಊರಿನ ಎಷ್ಟೋ ಕಂಪ್ಯೂಟರುಗಳಲ್ಲಿ ಇನ್ನೂ ಜೀವಂತ ಇದೆ. ಅದು ಬದಲಾವಣೆಗಳನ್ನು ಅದೇ ಫೋಲ್ಡರಿನ ಒಂದು ಅಡಗಿದ ಐಎನ್‌ಐ ಫೈಲಿನಲ್ಲಿ ಬರೆಯುತ್ತದೆ. ಸೇವ್ ಅಥವಾ ಎಕ್ಸ್‌ಪೋರ್ಟ್ ಮಾಡುವ ತನಕ ಫೋಟೋ ಹಳೆಯದೇ. ಲೈಟ್‌ರೂಮ್ ಕೂಡ ಇದೇ ಜಾತಿ, ಎಕ್ಸ್‌ಪೋರ್ಟ್ ಮಾಡಲೇಬೇಕು. ಐಫೋನಿನಿಂದ ಕೇಬಲ್ ಹಾಕಿ ಕಾಪಿ ಮಾಡಿದಾಗ ಒಂದೇ ಫೋಟೋಗೆ ಎರಡು ಮೂರು ಫೈಲು ಬರುವುದನ್ನು ನೋಡಿರಬಹುದು. ಐಎಂಜಿ ಆದ ಮೇಲೆ ಬರೇ ನಂಬರ್ ಇದ್ದದ್ದು ಮೂಲ, ನಂಬರಿಗಿಂತ ಮೊದಲು 'ಇ' ಇದ್ದದ್ದು ಎಡಿಟ್ ಆದದ್ದು, ಎಎಇ ಅಂತ ಮುಗಿಯುವುದು ಆ ಚೀಟಿ. 'ಇ' ಇದ್ದದ್ದನ್ನೇ ಹಾಕಿ.

ಎಲ್ಲ ಸರಿ ಇದ್ದೂ ಹಳೆಯದೇ ಕಂಡರೆ ಬ್ರೌಸರಿನ ಕೆಲಸ. ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ.

ಕೆಬಿಯ ಲೆಕ್ಕ

ಜಾಸ್ತಿ ಜನ ಸೋಲುವುದು ಇಲ್ಲಿ. ಕೇರಳ ಪಿಎಸ್‌ಸಿಯ ಫೋಟೋ 150 ಪಿಕ್ಸೆಲ್ ಅಗಲ, 200 ಪಿಕ್ಸೆಲ್ ಎತ್ತರ, 30 ಕೆಬಿ ಒಳಗೆ, ಕೆಳಗೆ ಹೆಸರು ಮತ್ತು ಫೋಟೋ ತೆಗೆದ ತಾರೀಕು. ಬ್ಯಾಂಕ್ ಪರೀಕ್ಷೆಗೆ ಸಾಮಾನ್ಯವಾಗಿ 200ಕ್ಕೆ 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140ಕ್ಕೆ 60 ಪಿಕ್ಸೆಲ್, 10ರಿಂದ 20 ಕೆಬಿ. ಆಯಾ ಅಧಿಸೂಚನೆಯಲ್ಲಿ ಬರೆದದ್ದನ್ನು ನೋಡಿಕೊಂಡೇ ಹೊರಡಿ. ಕಳೆದ ಸಲದ ಲೆಕ್ಕ ಈ ಸಲ ನಡೆಯಬೇಕಂತ ಇಲ್ಲ.

ಪಿಕ್ಸೆಲ್ ಮೊದಲು, ಕೆಬಿ ಆಮೇಲೆ. ಈ ಕ್ರಮ ತಪ್ಪಬಾರದು. ಫೋನಿನ 4000ಕ್ಕೆ 3000 ಪಿಕ್ಸೆಲ್ ಫೋಟೋವನ್ನು ಹಾಗೇ ಅದುಮಿ 30 ಕೆಬಿಗೆ ಇಳಿಸಲು ಹೋದರೆ ಮುಖದ ಮೇಲೆ ಚೌಕ ಚೌಕ ಕಲೆ ಏಳುತ್ತದೆ. ಮೊದಲು ಸರಿಯಾದ ಆಕಾರಕ್ಕೆ ಕತ್ತರಿಸಿ, ಆಮೇಲೆ ರೀಸೈಜ್ ಮಾಡಿ. ಆಗ ಸೈಜು ಹೆಚ್ಚು ಕಡಿಮೆ ತಾನಾಗಿ ಬಂದು ಕೂರುತ್ತದೆ.

ಕತ್ತರಿಸುವುದನ್ನು ಬಿಟ್ಟು ಬರೇ ನಂಬರ್ ಹಾಕಿ ಎಳೆಯಬೇಡಿ. ಪಾಸ್‌ಪೋರ್ಟ್ ಸೈಜ್ ಫೋಟೋ 35ಕ್ಕೆ 45 ಮಿಲಿಮೀಟರ್. ಅದನ್ನು 'ಮೇಂಟೇನ್ ಆಸ್ಪೆಕ್ಟ್ ರೇಶಿಯೋ' ಟಿಕ್ ತೆಗೆದು 200ಕ್ಕೆ 230 ಮಾಡಿದರೆ ಮುಖ ನೂರಕ್ಕೆ ಹನ್ನೆರಡು ಪಾಲು ಅಗಲ ಆಗುತ್ತದೆ. ಎರಡು ದಿನ ಚಕ್ಕುಲಿ ತಿಂದು ಕೂತವರ ಹಾಗೆ ಕಾಣುತ್ತದೆ. ಹಾಲ್ ಟಿಕೆಟಿನಲ್ಲಿ ನೋಡಿ ನಗುವುದು ಬೇರೆ, ಪರೀಕ್ಷೆ ಬರೆಯುವಲ್ಲಿ ಮುಖ ಹೋಲುವುದಿಲ್ಲ ಅಂದರೆ ಕಷ್ಟ ಅಲ್ವಾ.

ಪಿಎಸ್‌ಸಿ ಫೋಟೋದ ಹೆಸರು, ತಾರೀಕನ್ನು ರೀಸೈಜ್ ಆದ ಮೇಲೆಯೇ ಬರೆಯಿರಿ. ಕೆಳಗೆ ಬಿಳಿ ಪಟ್ಟಿ ಹಾಕಿ ಕಪ್ಪು ಅಕ್ಷರ. ದೊಡ್ಡ ಫೋಟೋದಲ್ಲಿ ಬರೆದು ಆಮೇಲೆ ಕುಗ್ಗಿಸಿದರೆ ಅಕ್ಷರ ಇರುವೆ ಸಾಲು ಆಗುತ್ತದೆ.

ಒಂದು ಕೇಸು ವಿವರವಾಗಿ ಹೇಳುತ್ತೇನೆ. ಕನ್ನಡ ಮಾಧ್ಯಮದ ಎಲ್‌ಪಿ, ಅಂದರೆ ಕಿರಿಯ ಪ್ರಾಥಮಿಕ, ಶಾಲೆ ಟೀಚರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದ ಹುಡುಗಿ ಒಬ್ಬಳು ಪೆರ್ಲದ ಕಡೆಯಿಂದ ಬಂದಿದ್ದಳು. ಫೋಟೋ 150ಕ್ಕೆ 200 ಪಿಕ್ಸೆಲ್ಲೇ, ಅಳತೆ ಸರಿ. ಸೈಜು ಮಾತ್ರ 590 ಕೆಬಿ ಹತ್ತಿರ. ಕ್ವಾಲಿಟಿ ಎಷ್ಟು ಇಳಿಸಿ ಸೇವ್ ಮಾಡಿದರೂ ಅರ್ಧ ಎಂಬಿಯಿಂದ ಕೆಳಗೆ ಬರುವುದಿಲ್ಲ. ಮುಖ ಹಾಳಾಗುತ್ತಾ ಹೋಗುತ್ತದೆ, ಕೆಬಿ ಕದಲುವುದಿಲ್ಲ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', 'ಡೀಟೇಲ್ಸ್' ನೋಡಿದೆ. ಬಿಟ್ ಡೆಪ್ತ್ 32 ಅಂತ ಇತ್ತು. ಅಲ್ಲಿಗೆ ವಿಷಯ ಗೊತ್ತಾಯಿತು. ಮಾಮೂಲಿ ಕಲರ್ ಜೆಪಿಜಿಗೆ ಅದು 24 ಇರಬೇಕು. ಜೆಪಿಜಿಯಲ್ಲಿ 32 ಕಂಡರೆ ಅದು ಸಿಎಂವೈಕೆ, ಪ್ರೆಸ್ಸಿಗೆ ಹೋಗುವ ಫೈಲು. ಮದುವೆ ಕಾಗದ ಪ್ರಿಂಟ್ ಮಾಡುವ ಪ್ರೆಸ್ಸಿನವರೊಬ್ಬರು ಉಪಕಾರಕ್ಕೆ ಅಂತ ಫೋಟೋ ಎಡಿಟ್ ಮಾಡಿ ಕೊಟ್ಟಿದ್ದರು. ಸಿಎಂವೈಕೆ ಫೈಲಿನೊಳಗೆ ಶಾಯಿಯ ಲೆಕ್ಕ ಇರುವ ಬಣ್ಣದ ಪ್ರೊಫೈಲ್ ಕೂತಿರುತ್ತದೆ. ಆ ಪ್ರೊಫೈಲೇ ಅರ್ಧ ಎಂಬಿಗಿಂತ ಜಾಸ್ತಿ ತೂಗುತ್ತದೆ. ಹುಡುಗಿಯ ಫೋಟೋ ಲೆಕ್ಕಕ್ಕೇ ಇಲ್ಲ, ಕ್ವಾಲಿಟಿ ಇಳಿಸಿ ಏನು ಪ್ರಯೋಜನ?

ಇಂಥದ್ದಕ್ಕೆಲ್ಲ ಫೋಟೋಶಾಪಿನಲ್ಲಿ ಒಂದೇ ಕಿಟಕಿ ಸಾಕು. 'ಫೈಲ್', 'ಎಕ್ಸ್‌ಪೋರ್ಟ್', 'ಸೇವ್ ಫಾರ್ ವೆಬ್'. ಅಲ್ಲಿ ಜೆಪಿಜಿ ಆರಿಸಿ. 'ಕನ್ವರ್ಟ್ ಟು ಎಸ್‌ಆರ್‌ಜಿಬಿ' ಟಿಕ್ ಇರಲಿ, ಪರದೆಯಲ್ಲಿ ತೋರಿಸುವುದಕ್ಕೆ ಇರುವ ಮಾಮೂಲಿ ಬಣ್ಣದ ಲೆಕ್ಕ ಅದು. 'ಎಂಬೆಡ್ ಕಲರ್ ಪ್ರೊಫೈಲ್' ಟಿಕ್ ಬೇಡ. 'ಮೆಟಾಡೇಟಾ' ಇದ್ದಲ್ಲಿ 'ನನ್' ಇಡಿ. 'ಪ್ರೊಗ್ರೆಸಿವ್' ಟಿಕ್ ತೆಗೆಯಿರಿ, ಹಳೇ ಸೈಟುಗಳಿಗೆ ಅದು ಆಗುವುದಿಲ್ಲ. ಮೇಲೆ ಬಲಬದಿಯ ಸಣ್ಣ ಮೆನುವಿನಲ್ಲಿ 'ಆಪ್ಟಿಮೈಸ್ ಟು ಫೈಲ್ ಸೈಜ್' ಉಂಟು. ಅಲ್ಲಿ 28 ಅಂತ ಕೊಟ್ಟರೆ ಕ್ವಾಲಿಟಿಯನ್ನು ಅದೇ ಹೊಂದಿಸುತ್ತದೆ. ಆ ಹುಡುಗಿಯ ಫೋಟೋ ಒಳ್ಳೇ ಕ್ವಾಲಿಟಿಯಲ್ಲೇ 30 ಕೆಬಿ ಒಳಗೆ ಬಂತು.

28 ಯಾಕೆ, 30 ಯಾಕಲ್ಲ? ಕೆಬಿಗೆ ಕೆಲವರು 1024 ಬೈಟ್ ಹಿಡಿಯುತ್ತಾರೆ, ಕೆಲವರು 1000. ಅಂಚಿನಲ್ಲಿ ನಿಂತರೆ ಯಾವ ಲೆಕ್ಕಕ್ಕೆ ಬೀಳುತ್ತೀರೋ ಗೊತ್ತಿಲ್ಲ. ನೋಡುವಾಗ 'ಸೈಜ್' ಎನ್ನುವ ಸಾಲನ್ನೇ ನೋಡಿ. 'ಸೈಜ್ ಆನ್ ಡಿಸ್ಕ್' ಬೇರೆಯೇ ಲೆಕ್ಕ.

ಫೋಟೋಶಾಪ್ ಇಲ್ಲದವರಿಗೆ ಇರ್ಫಾನ್‌ವ್ಯೂ. ಕಂಟ್ರೋಲ್ ಆರ್ ಒತ್ತಿದರೆ ರೀಸೈಜ್. ಸೇವ್ ಮಾಡುವಾಗ ಪಕ್ಕದಲ್ಲಿ ತೆರೆಯುವ ಪುಟ್ಟ ಕಿಟಕಿಯಲ್ಲಿ ಕ್ವಾಲಿಟಿಯನ್ನು ಎಳೆದು ಏರಿಸಿ ಇಳಿಸುವ ಗೀಟು ಉಂಟು. ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ (ಫೋಟೋದ ಬಗ್ಗೆ ಫೈಲಿನೊಳಗೆ ಬರೆದಿಟ್ಟ ಮಾಹಿತಿ) ಇರಲಿ ಎನ್ನುವ ಟಿಕ್ಕುಗಳನ್ನೆಲ್ಲ ತೆಗೆಯಿರಿ. ಜೊತೆಗೆ ಪ್ಲಗಿನ್ ಪ್ಯಾಕ್ ಹಾಕಿಕೊಂಡರೆ ಇಷ್ಟೇ ಕೆಬಿ ಬೇಕು ಅಂತ ಬರೆಯಲೂ ಆಗುತ್ತದೆ.

ಉಲ್ಟಾ ತೊಂದರೆಯೂ ಬರುತ್ತದೆ. 20 ಕೆಬಿಗಿಂತ ಕಡಿಮೆ ಆಯಿತು ಅಂತ ಸೈಟು ಬೇಡ ಅನ್ನುತ್ತದೆ. ಡಿಪಿಐ, ಅಂದರೆ ಪ್ರಿಂಟಿನಲ್ಲಿ ಇಂಚಿಗೆ ಎಷ್ಟು ಚುಕ್ಕೆ ಎನ್ನುವುದು, ಏರಿಸಿದರೆ ಏನೂ ಆಗುವುದಿಲ್ಲ, ಅದು ಫೈಲಿನಲ್ಲಿ ಬರೆದಿಟ್ಟ ಒಂದು ನಂಬರ್ ಮಾತ್ರ. ಇದ್ದ ಚಿಕ್ಕ ಫೈಲನ್ನೇ ಮತ್ತೆ ಸೇವ್ ಮಾಡುವುದೂ ಬೇಡ, ಜೆಪಿಜಿ ಪ್ರತಿ ಸಲ ಸೇವ್ ಮಾಡುವಾಗ ಸ್ವಲ್ಪ ಸ್ವಲ್ಪ ಕೆಡುತ್ತದೆ. ಮೂಲ ಫೋಟೋದಿಂದ ಶುರು ಮಾಡಿ, ಕ್ವಾಲಿಟಿ ನೂರಕ್ಕೆ ಇಟ್ಟು, ಇರ್ಫಾನ್‌ವ್ಯೂನಲ್ಲಿ 'ಡಿಸೇಬಲ್ ಕ್ರೋಮಾ ಸಬ್‌ಸ್ಯಾಂಪ್ಲಿಂಗ್' ಟಿಕ್ ಹಾಕಿ. ಹೆಚ್ಚಾಗಿ ಅಷ್ಟಕ್ಕೇ ಬರುತ್ತದೆ.

ಸಹಿ ಕಪ್ಪು ಚೌಕ ಆದರೆ ಹೆದರಬೇಡಿ. ಮೊಬೈಲ್ ಆ್ಯಪುಗಳು ಸಹಿಯ ಹಿನ್ನೆಲೆ ತೆಗೆದು ಪಾರದರ್ಶಕ ಪಿಎನ್‌ಜಿ ಕೊಡುತ್ತವೆ. ಜೆಪಿಜಿಗೆ ಪಾರದರ್ಶಕ ಎನ್ನುವುದೇ ಇಲ್ಲ, ಆ ಖಾಲಿ ಜಾಗಕ್ಕೆ ಕಪ್ಪು ತುಂಬುತ್ತದೆ. ಕಪ್ಪು ಶಾಯಿಯ ಸಹಿ ಕಪ್ಪಿನೊಳಗೆ ಮಾಯ. ಜಿಂಪ್ ಎನ್ನುವ ಪುಕ್ಕಟೆ ಎಡಿಟಿಂಗ್ ಪ್ರೋಗ್ರಾಮು ಇದ್ದರೆ ಬ್ಯಾಕ್‌ಗ್ರೌಂಡ್ ಬಣ್ಣ ಬಿಳಿ ಇಟ್ಟು 'ಇಮೇಜ್', 'ಫ್ಲ್ಯಾಟನ್' ಕೊಟ್ಟು ಎಕ್ಸ್‌ಪೋರ್ಟ್ ಮಾಡಿ. ನನ್ನನ್ನು ಕೇಳಿದರೆ ಆ್ಯಪೇ ಬೇಡ. ಬಿಳಿ ಹಾಳೆಯಲ್ಲಿ ಸಹಿ ಹಾಕಿ, ಹಗಲಿನಲ್ಲಿ ಜಗಲಿಗೆ ತಂದು ಫೋಟೋ ತೆಗೆದು ಕತ್ತರಿಸಿದರೆ ಆಯಿತು.

ಬಣ್ಣ ಯಾಕೆ ಸಾಯುತ್ತದೆ?

ಇದು ಫಾರ್ಮಿನ ವಿಷಯ ಅಲ್ಲ, ನಮ್ಮಂಥವರ ಹೊಟ್ಟೆನೋವು. ರಾತ್ರಿ ಇಡೀ ಕೂತು ತೆಗೆದ ಯಕ್ಷಗಾನ ಆಟದ ಫೋಟೋ, ಬಣ್ಣದ ವೇಷ ಪಂಜಿನ ಬೆಳಕಿಗೆ ಬರುವಾಗಿನ ಆ ಕೆಂಪು, ಸೈಟಿಗೆ ಹಾಕಿದ ಮೇಲೆ ಹಂಚಿನ ಬಣ್ಣಕ್ಕೆ ಇಳಿದಿರುತ್ತದೆ. ಹಸಿರಂತೂ ಕೇಳುವುದೇ ಬೇಡ. ಕಾರಣ ಕ್ಯಾಮೆರಾದಲ್ಲೋ ಎಡಿಟಿಂಗಿನಲ್ಲೋ ಇಟ್ಟ ಅಡೋಬಿ ಆರ್‌ಜಿಬಿ, ಎಸ್‌ಆರ್‌ಜಿಬಿಗಿಂತ ಜಾಸ್ತಿ ಬಣ್ಣ ಹಿಡಿಯುವ ಲೆಕ್ಕ. ಅದರಲ್ಲಿ ನಂಬರುಗಳ ಅರ್ಥ ಬೇರೆ. ಜೊತೆಗಿರುವ ಪ್ರೊಫೈಲ್ ಓದಿದರೆ ಮಾತ್ರ ಸರಿ ಬಣ್ಣ. ಎಷ್ಟೋ ಸೈಟುಗಳು ಫೋಟೋವನ್ನು ಕುಗ್ಗಿಸುವಾಗ ಆ ಪ್ರೊಫೈಲನ್ನು ಕಿತ್ತು ಎಸೆಯುತ್ತವೆ. ಆಮೇಲೆ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ ಅಂತ ತಿಳಿದು ತೋರಿಸುತ್ತದೆ, ಬಣ್ಣ ಮಂಕಾಗುತ್ತದೆ. ಐಫೋನಿನ 'ಡಿಸ್‌ಪ್ಲೇ ಪಿ3' ಎನ್ನುವ ಬಣ್ಣದ ಲೆಕ್ಕದ ಫೋಟೋಗಳಿಗೂ ಇದೇ ಗತಿ. ಸಿಎಂವೈಕೆ ಫೋಟೋ ಆದರೆ ಕೆಲವು ಕಡೆ ನೆಗೆಟಿವ್ ಹಾಗೆ ಉಲ್ಟಾ ಬಣ್ಣ ಬರುವುದೂ ಉಂಟು.

ಕಳಿಸುವ ಮೊದಲೇ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ. 'ಕನ್ವರ್ಟ್ ಟು ಪ್ರೊಫೈಲ್' ಒತ್ತಬೇಕು. 'ಅಸೈನ್ ಪ್ರೊಫೈಲ್' ಒತ್ತಿದರೆ ಬರೇ ಚೀಟಿ ಬದಲಾಗುತ್ತದೆ, ಮಂಕು ಅಲ್ಲೇ ಉಳಿಯುತ್ತದೆ. ಕ್ಯಾಮೆರಾದಲ್ಲೇ ಎಸ್‌ಆರ್‌ಜಿಬಿ ಇಟ್ಟುಬಿಡುವುದು ಇನ್ನೂ ಒಳ್ಳೆಯದು. ಅಡೋಬಿ ಆರ್‌ಜಿಬಿ ದೊಡ್ಡದು, ಒಳ್ಳೆಯದು ಅಂತ ಹೇಳುವವರು ಇದ್ದಾರೆ. ಪ್ರಿಂಟಿಗೆ ಇರಬಹುದು. ಫೋನಿನಲ್ಲಿ ನೋಡುವ ಜನಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಉಳಿದ ಚಿಲ್ಲರೆ ಕಾರಣಗಳು

ಫೋಟೋ ಅಡ್ಡ ಬಿದ್ದಿದ್ದರೆ: ಫೋನು ಫೋಟೋವನ್ನು ತಿರುಗಿಸುವುದಿಲ್ಲ, 'ಇದನ್ನು ತಿರುಗಿಸಿ ತೋರಿಸಿ' ಅಂತ ಎಕ್ಸಿಫಿನಲ್ಲಿ ಬರೆಯುತ್ತದೆ. ಸೈಟು ಅದನ್ನು ಓದುವುದಿಲ್ಲ. ಎಡಿಟರಿನಲ್ಲಿ ತೆರೆದು, ಅಂಚು ಸ್ವಲ್ಪ ಕತ್ತರಿಸಿ, ಹೊಸ ಹೆಸರಿನಲ್ಲಿ ಸೇವ್ ಮಾಡಿದರೆ ನಿಜವಾಗಿ ನೇರ ಆಗುತ್ತದೆ.

ಫೈಲಿನ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕೆಯಲ್ಲೇ ಇರಲಿ. ಕನ್ನಡದಲ್ಲಿ ಹೆಸರಿಡುವುದು ನನಗೂ ಇಷ್ಟ, ಆದರೆ ಕೆಲವು ಸೈಟುಗಳು ಅದನ್ನು ಕಂಡರೆ ಬಾಗಿಲು ಹಾಕುತ್ತವೆ. ಸ್ಪೇಸ್, ಬ್ರಾಕೆಟ್, ಎರಡೆರಡು ಚುಕ್ಕೆ ಕೂಡ ಬೇಡ.

ಅರ್ಧ ಫೋಟೋ ಸರಿ, ಕೆಳಗೆ ಬೂದು ಬಣ್ಣ ಅಂದರೆ ಫೈಲು ಪೂರ್ತಿ ಕಾಪಿ ಆಗಿಲ್ಲ. ಪೆನ್‌ಡ್ರೈವನ್ನು ಬೇಗ ಎಳೆದಿರುತ್ತೀರಿ. ಅದನ್ನು ರಿಪೇರಿ ಮಾಡಲು ಹೊರಡಬೇಡಿ, ಮೂಲದಿಂದ ಮತ್ತೆ ಕಾಪಿ ಮಾಡಿ.

ಇನ್ನು ವಾಟ್ಸಾಪ್. ಅದರಲ್ಲಿ ಕಳಿಸಿದ ಫೋಟೋ ಹಾಳು ಅಂತ ಎಲ್ಲರೂ ಹೇಳುತ್ತಾರೆ. ಆಲ್ಬಮ್ಮಿಗೆ, ಫ್ಲೆಕ್ಸಿಗೆ ಹೌದು. 150ಕ್ಕೆ 200ರ ಫಾರ್ಮಿಗೆ ಏನೂ ತೊಂದರೆ ಇಲ್ಲ. ಹಾಗೆ ನೋಡಿದರೆ ಎಚ್‌ಇಐಸಿಯೂ ಅದರಲ್ಲಿ ಜೆಪಿಜಿ ಆಗುತ್ತದೆ, ಪಿಕ್ಸೆಲ್ ಇಳಿಯುತ್ತದೆ, ಎಕ್ಸಿಫ್ ಹೋಗುತ್ತದೆ. ತುರ್ತಿನಲ್ಲಿ ನಿಮಗೆ ನೀವೇ ಫೋಟೋ ಕಳಿಸಿಕೊಂಡು, ಇಳಿಸಿಕೊಂಡು, ಅಲ್ಲಿಂದ ಕತ್ತರಿಸಲು ಶುರು ಮಾಡಬಹುದು.

ಆದರೆ ಯಾರಿಂದಾದರೂ ಸಹಾಯ ಕೇಳುವಾಗ ಮಾತ್ರ ಹಾಗೆ ಕಳಿಸಬೇಡಿ. ವಾಟ್ಸಾಪ್ ಫೈಲನ್ನೇ ಬದಲಿಸಿಬಿಟ್ಟರೆ ನೋಡುವವರಿಗೆ ಕಾಯಿಲೆ ಕಾಣುವುದೇ ಇಲ್ಲ. 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ. ಜೊತೆಗೆ ಎರರ್ ಬಂದ ಪರದೆಯ ಸ್ಕ್ರೀನ್‌ಶಾಟ್, ಅಧಿಸೂಚನೆಯಲ್ಲಿ ಫೋಟೋದ ಅಳತೆ ಬರೆದ ಪುಟ, ಮತ್ತೆ ಎಡಿಟ್ ಮಾಡದ ಮೂಲ ಫೋಟೋ. ಇಷ್ಟು ಇದ್ದರೆ ನನ್ನ ಹಾಗಿನವರಿಗೆ ಹತ್ತು ನಿಮಿಷದ ಕೆಲಸ. ಕೊನೇ ದಿನ ಸಂಜೆ ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಬರಬೇಡಿ, ಆ ಹೊತ್ತಿಗೆ ಸೈಟೂ ತೆರೆಯುವುದಿಲ್ಲ.